ಒಳಗೊಂದು ಮುಷ್ಟಿ

ಏಪ್ರಿಲ್ 14, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು. ಕಾರ್ಖಾನೆಯ ಬೆಂಚಿನಲ್ಲಿ ಕೂತು ಲವಂಗದ ಸಿಗರೇಟು ಸುತ್ತುತ್ತಿದ್ದೇನೆ, ಕೂತ ಜಾಗ ಒದ್ದೆ. ಒದ್ದೆ ಬೆಂಚಿನಿಂದ ಇಳಿದು ನೆಲಕ್ಕೆ ಬಂತು, ತಂಬಾಕಿನ ತಟ್ಟೆಗಳು ತೇಲಿದವು, ಸಾಲಿನ ಹೆಂಗಸರೆಲ್ಲ ಕಾಲು ಮೇಲೆತ್ತಿ ಕೂತರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ತಸ್ರಿಪಾ ಮಾತ್ರ ಕತ್ತರಿಯನ್ನು ಮಡಿಲ ಬಟ್ಟೆಗೆ ಒರೆಸಿಕೊಂಡು, ಬೇರೆ ಬೆಂಚಿಗೆ ಹೋಗಿ ಕೂತಳು. ಎಚ್ಚರಾದ ಕೂಡಲೇ ಚಾಪೆ ಮುಟ್ಟಿ ನೋಡಿದೆ. ಒಣಗಿತ್ತು. ದೀಪ ಹಾಕಿ ಇನ್ನೊಮ್ಮೆ ಮುಟ್ಟಿದೆ.

ಕನಸು ಯಾಕೆ ಬಿತ್ತು ಅಂತ ಗೊತ್ತು. ಶನಿವಾರ ಮೇಸ್ತ್ರಿ ಬು ವಿವಿಕ್, ನಾವೆಲ್ಲ ಮರ್ಯಾದೆಗೆ ಬು, ಅಂದರೆ ಅಮ್ಮ, ಅನ್ನುವವಳು, ನಮ್ಮ ಹಿಂದೆ ಬಂದು ನಿಂತಿದ್ದಳು. ನಮ್ಮದು ಜೋಡಿ ಕೆಲಸ. ನಾನು ಸುತ್ತುವವಳು, ತಸ್ರಿಪಾ ತುದಿ ಕತ್ತರಿಸುವವಳು. ನಾನು ಸುತ್ತಿ ಹಾಕಿದರೆ ಅವಳ ಮುಂದೆ ರಾಶಿ ಬೀಳುತ್ತದೆ. ನಾನು ಎದ್ದು ಒಂದಕ್ಕೆ ಹೋದರೆ ಅವಳ ಕತ್ತರಿಗೆ ಕೆಲಸವಿಲ್ಲ. ಕೂಲಿ ಇಬ್ಬರಿಗೂ ಒಟ್ಟಿಗೇ ಏರುತ್ತದೆ, ಒಟ್ಟಿಗೇ ಇಳಿಯುತ್ತದೆ. ರಂಜಾನಿಗೂ ಮುಂಚಿನಿಂದ ಇಳಿಯುತ್ತಲೇ ಇದೆ.

"ಜುಮ್ರೊತುನ್, ನಿನಗೆ ಬೆಂಚು ಬೇಕಾ ಕಕ್ಕಸು ಬೇಕಾ, ಒಂದು ಹೇಳ್ಬಿಡು," ಅಂದಳು ಬು ವಿವಿಕ್, ಎಲ್ಲರಿಗೂ ಕೇಳುವ ಹಾಗೆ. "ಬಕ್ರೀದ್ ಹಬ್ಬದ ತಿಂಗಳು ಮುಗೀಲಿ, ಜೋಡಿಗಳನ್ನ ಬದಲಾಯಿಸ್ತೀನಿ. ತಸ್ರಿಪಾಗೆ ಕೂತಲ್ಲಿ ಕೂತಿರೋಳು ಬೇಕು."

ಚಿಕ್ಕ ಮಗ ಹೊಟ್ಟೆಯಲ್ಲಿದ್ದಾಗಿನಿಂದ ನಾನು ತಸ್ರಿಪಾಳ ಪಕ್ಕದಲ್ಲಿದ್ದೇನೆ. ನನಗಿಂತ ದೊಡ್ಡವಳಾದ್ದರಿಂದ ಮೊದಲ ದಿನ ಯು, ಅಂದರೆ ಅಕ್ಕ, ಅಂತ ಕರೆದೆ, ಹಾಗೇ ಉಳಿಯಿತು. ನನ್ನ ಈ ರೋಗ ಅವಳೊಬ್ಬಳಿಗೇ ಗೊತ್ತು. ಕೆಮ್ಮಿದರೆ ಒಂದು ಹನಿ, ಸೀನಿದರೆ ಇನ್ನೊಂದು, ಕಕ್ಕಸಿನ ಬಾಗಿಲು ಕಣ್ಣಿಗೆ ಬಿದ್ದರೆ ಸಾಕು, ತಡೆಯಲಾಗುವುದಿಲ್ಲ. ಬೇರೆಯವಳ ಪಕ್ಕ ಕೂರಿಸಿದರೆ ಅವಳಿಗೂ ಗೊತ್ತಾಗುತ್ತದೆ, ಮಧ್ಯಾಹ್ನದೊಳಗೆ ಇಡೀ ಸಾಲಿಗೆ ಗೊತ್ತಾಗುತ್ತದೆ.

ನಾನು ಐದನೇ ಕ್ಲಾಸಿಗೆ ಬಿಟ್ಟವಳು. ಬರೆದದ್ದರಲ್ಲಿ ತಪ್ಪಿದ್ದರೆ ಇರಲಿ, ಓದುವವಳು ನಾನೊಬ್ಬಳೇ.

ಏಪ್ರಿಲ್ 17, ಗುರುವಾರ

ಅತ್ತೆ ಇವತ್ತಿನಿಂದ ಕಷಾಯ ಶುರು ಮಾಡಿದ್ದಾಳೆ. ವೀಳ್ಯದೆಲೆ, ಮಾಚಿಕಾಯಿ, ಇನ್ನೇನೋ ಕಹಿ ಬೇರು. ಅತ್ತೆಗೆ ವಿಷಯ ಪೂರ್ತಿ ಹೇಳಿಲ್ಲ, "ಕೆಳಗೆ ಸ್ವಲ್ಪ ಸಡಿಲ" ಅಂದೆ ಅಷ್ಟೆ. ಅವಳು ಮೂವತ್ತು ವರ್ಷ ಬಾಟಲಿ ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು ಕುಡುಸ್ ಊರಿನ ಗಲ್ಲಿ ಗಲ್ಲಿ ತಿರುಗಿ ಕಷಾಯ ಮಾರಿದವಳು.

"ಕುಡಿ ನ್ದುಕ್. ಹೆಂಗಸು ಅಂದ್ರೆ ಬಿಗಿಯಾಗಿರ್ಬೇಕು. ಮಡಕೆಗೆ ಬಿರುಕು ಬಿಟ್ರೆ ಗಂಡಸು ಬೇರೆ ಬಾವಿ ಹುಡುಕ್ತಾನೆ."

"ಮಡಕೆಗೂ ಬಾವಿಗೂ ಏನತ್ತೆ ಸಂಬಂಧ?"

"ಬಾಯಿ ಮಾತ್ರ ಎಲ್ಲೂ ಸಡಿಲ ಆಗಿಲ್ಲ ನಿಂಗೆ. ಕುಡಿ."

ನ್ದುಕ್ ಅಂದರೆ ಪ್ರೀತಿ, ಜುಮ್ರೊತುನ್ ಅಂದರೆ ಕೋಪ. ಇವತ್ತು ಪ್ರೀತಿಯಿತ್ತು, ಕುಡಿದೆ. ಆಮೇಲೆ ಉದ್ದನೆಯ ಹೊಟ್ಟೆಪಟ್ಟಿಯನ್ನು ಅವಳೇ ಸುತ್ತಿದಳು, ಬಾಣಂತಿಗೆ ಸುತ್ತುವ ಹಾಗೆ, ಉಸಿರು ಕಟ್ಟುವಷ್ಟು.

ಫೋನಿನ ವೀಡಿಯೊದಲ್ಲಿ ಒಬ್ಬಳು ಹೇಳಿದ್ದನ್ನೂ ಮಾಡುತ್ತಿದ್ದೇನೆ. ಉಚ್ಚೆ ತಡೆಯುವ ಹಾಗೆ ಒಳಗೊಳಗೇ ಬಿಗಿ ಹಿಡಿಯಬೇಕಂತೆ. ಎಷ್ಟು ಮಾಡಿದರೆ ಅಷ್ಟು ಒಳ್ಳೆಯದು ಅಂತ ನನ್ನ ಲೆಕ್ಕ. ಮರೆತು ಹೋಗಬಾರದು ಅಂತ ಒಂದು ಉಪಾಯ ಮಾಡಿದೆ. ಸುತ್ತುವ ಮರದ ಹಿಡಿಕೆ ಎಳೆದಾಗಲೆಲ್ಲ ಒಂದು ಬಿಗಿತ. ಸಿಗರೇಟಿಗೊಂದು. ಬೆಳಿಗ್ಗೆಯಿಂದ ಮನೆಗೆ ಹೋಗುವ ಗಂಟೆಯವರೆಗೂ. ಇಷ್ಟು ಕಸರತ್ತು ಇಡೀ ಜಾವಾದಲ್ಲಿ ಯಾರು ಮಾಡುತ್ತಾರೆ? ನೀರನ್ನಂತೂ ಮುಟ್ಟುವುದಿಲ್ಲ. ಮನೆ ಬಿಡುವ ಮೊದಲು, ಗೇಟಿನಲ್ಲಿ, ಬೆಂಚಿಗೆ ಕೂರುವ ಮೊದಲು, ಬಂದರೂ ಬರದಿದ್ದರೂ ಹೋಗಿ ಬರುತ್ತೇನೆ.

ಏಪ್ರಿಲ್ 26, ಶನಿವಾರ

ಹೆಚ್ಚಾಗಿದೆ. ಉರಿ ಬೇರೆ. ಹೋಗಿ ಬಂದು ಕೂತರೆ ಮತ್ತೆ ಹೋಗಬೇಕು ಅನಿಸುತ್ತದೆ, ಹೋದರೆ ನಾಲ್ಕು ಹನಿ. ನಮಾಜಿಗೆ ನಿಂತರೆ ಅರ್ಧದಲ್ಲಿ ವುಜುವಿನ ಶುದ್ಧಿ ಹೋಯಿತೇನೋ ಅನ್ನುವ ಅನುಮಾನ. ಮತ್ತೆ ತೊಳೆದು ಮತ್ತೆ ನಿಲ್ಲುತ್ತೇನೆ. ದೇವರಿಗೂ ಸಾಕಾಗಿರಬೇಕು.

ಯು ತಸ್ರಿಪಾ ಊಟದ ಹೊತ್ತಿಗೆ ನನ್ನ ಕೈ ಹಿಡಿದು ಸೈಕಲ್ ನಿಲ್ಲಿಸುವ ಕಡೆ ಎಳೆದುಕೊಂಡು ಹೋದಳು.

"ಏನೇ ಮಾಡ್ಕೊಂಡಿದೀಯ? ಮುಖ ಹಿಂಡಿದ ನಿಂಬೆಹಣ್ಣು ಆಗಿದೆ. ಡಾಕ್ಟರ್ ಹತ್ರ ಹೋಗು."

"ಗಡ್ಡೆ ಅಂದ್ಬಿಟ್ರೆ?"

"ಗಡ್ಡೆ ಇದ್ರೆ ನೀನು ಹೋಗ್ದಿದ್ರೂ ಇರುತ್ತೆ."

ಹೋದೆ. ಸರಕಾರಿ ಚಿಕಿತ್ಸಾಲಯದ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕಿಲ್ಲ, ಗಡ್ಡೆಯ ಗುರುತೂ ಇಲ್ಲ. ದೊಡ್ಡ ಆಸ್ಪತ್ರೆಯ ಫಿಸಿಯೋಥೆರಪಿಗೆ ಚೀಟಿ ಬರೆದರು. ಅದು ಕೈಕಾಲು ಬಿದ್ದವರಿಗಲ್ಲವೇ? ಬಾಯಿಬಿಟ್ಟು ಕೇಳಲು ನಾಚಿಕೆಯಾಯಿತು. ಡಾಕ್ಟರು ತಪ್ಪಿ ಬರೆದಿದ್ದರೆ? ನನಗೆ ಗೊತ್ತಾಗದಂಥದ್ದೇನೋ ಅವರಿಗೆ ಕಂಡಿದ್ದರೆ?

ಮೇ 5, ಸೋಮವಾರ

ಹೋಗಲಿಲ್ಲ. ಸುಸ್ತು.

ಮೇ 7, ಬುಧವಾರ

ಹೋದೆ. ಯು ತಸ್ರಿಪಾಳೇ ನನ್ನನ್ನು ಆಸ್ಪತ್ರೆ ಬಾಗಿಲಲ್ಲಿ ಇಳಿಸಿ, ಒಳಗೆ ಹೋಗುವವರೆಗೂ ಸೈಕಲ್ ಹಿಡಿದು ನಿಂತಿದ್ದಳು, ಓಡಿ ಬಂದೇನು ಅಂತ.

ನೋಡುವವಳ ಹೆಸರು ಬು ಪಲುಪಿ. ನನ್ನ ದೊಡ್ಡ ಮಗಳಷ್ಟು ವಯಸ್ಸು. ಪರದೆ ಎಳೆದು ಬಾಗಿಲು ಹಾಕಿ, ಮೊದಲು ಕೂರಿಸಿ ಕೇಳಿದಳು. ಹೆರಿಗೆ ಹೇಗಾಯಿತು, ನೀರು ಎಷ್ಟು ಕುಡಿಯುತ್ತೀರಿ, ಮಲ ಕಟ್ಟುತ್ತದಾ, ಗಂಡನ ಜೊತೆ ಮಲಗಿದಾಗ ನೋವಾಗುತ್ತದಾ. ಕೊನೆಯದಕ್ಕೆ ನಾನು ಗೋಡೆ ನೋಡಿದೆ. ಆಮೇಲೆ ಹೌದು ಅಂದೆ. ಈ ಹೌದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ಗಂಡ ಮಸ್ಕುರಿಗೂ. ಅವನು ಸೆಮಾರಂಗಿನ ಗಾರೆ ಕೆಲಸದಿಂದ ಎರಡು ವಾರಕ್ಕೊಮ್ಮೆ ಬರುತ್ತಾನೆ, ಬಂದ ದಿನ ನನಗೆ ಬೇಗ ನಿದ್ದೆ ಬರುತ್ತದೆ. ನಿದ್ದೆ ಬಂದ ಹಾಗೆ ಮಲಗುತ್ತೇನೆ.

ಒಂದು ಚಿತ್ರ ತೋರಿಸಿದಳು. ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಮಾಂಸದ ಒಂದು ಜೋಲಿ ಇದೆಯಂತೆ. ಮೂತ್ರದ ಚೀಲ, ಗರ್ಭಕೋಶ, ಕರುಳು ಎಲ್ಲ ಅದರ ಮೇಲೆ ಕೂತಿವೆಯಂತೆ. ಅದಕ್ಕೂ ವ್ಯಾಯಾಮ, ಅದಕ್ಕೂ ವಿಶ್ರಾಂತಿ ಬೇಕಂತೆ.

"ಒಳಗಿನಿಂದ ಮುಟ್ಟಿ ನೋಡಿದ್ರೆ ಅದು ಬಲಹೀನ ಆಗಿದೆಯಾ ಬೇರೆ ಏನಾದ್ರೂ ಇದೆಯಾ ಅಂತ ಸರಿಯಾಗಿ ಗೊತ್ತಾಗುತ್ತೆ ಬು. ಒಂದು ಬೆರಳು, ಗ್ಲೌಸ್ ಹಾಕ್ಕೊಂಡು. ನೀವು ಹೂಂ ಅಂದ್ರೆ ಮಾತ್ರ. ಮಧ್ಯದಲ್ಲಿ ಸಾಕು ಅಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ."

"ಬೇಡ," ಅಂದೆ.

"ಆಯ್ತು, ಬೇಡ." ಮುಖವೇನೂ ಸಪ್ಪಗಾಗಲಿಲ್ಲ. "ಇವತ್ತು ಉಸಿರಾಟ ಕಲಿಯೋಣ."

ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿಸಿದಳು, ನಮಾಜಿನ ಹಾಗೇ, ಆದರೆ ಮಂಡಿ ಅಗಲ. ಹೊಟ್ಟೆ ತುಂಬ ಉಸಿರು ತೆಗೆದುಕೊಂಡಾಗ ಕೆಳಗೆ ತಾನಾಗಿ ಬಿಚ್ಚಿಕೊಳ್ಳಬೇಕಂತೆ. ಏನೂ ಬಿಚ್ಚಿಕೊಳ್ಳಲಿಲ್ಲ. ಹೊಟ್ಟೆಪಟ್ಟಿ ಅಡ್ಡ ಬಂತು. ಅದನ್ನು ಬಿಡಬೇಕಂತೆ, ಕಷಾಯವೂ ಬೇಡವಂತೆ. ಮನೆಯಲ್ಲಿ ಹೇಗೆ ಹೇಳಲಿ?

ಮೇ 10, ಶನಿವಾರ

ಸೋರುವುದಕ್ಕೆ ಬಿಗಿ ಮಾಡಬೇಕೋ ಸಡಿಲ ಬಿಡಬೇಕೋ? ನಲ್ಲಿ ಸೋರಿದರೆ ತಿರುಗಿಸಿ ಬಿಗಿ ಮಾಡುತ್ತೇವೆ, ಸಡಿಲ ಮಾಡುತ್ತೇವೆಯೇ? ಓದಿದವರ ಮಾತು. ಉಸಿರಾಟ ಮಾಡುತ್ತೇನೆ, ಆದರೆ ಹಿಡಿಕೆಗೊಂದು ಬಿಗಿತ ಬಿಟ್ಟಿಲ್ಲ. ಎರಡೂ ಮಾಡಿದರೆ ಯಾವುದಾದರೂ ಒಂದು ಹತ್ತಬಹುದು.

ಸೊಂಟ ಹಿಡಿದುಕೊಂಡಿದೆ. ಮಸ್ಕುರಿ ಬಂದಿದ್ದಾನೆ. ನನಗೆ ನಿದ್ದೆ.

ಮೇ 14, ಬುಧವಾರ

ಹೂಂ ಅಂದುಬಿಟ್ಟೆ. ಯಾಕೆ ಅಂದೆನೋ ಗೊತ್ತಿಲ್ಲ, ಬೇಡ ಬೇಡ ಅನ್ನುವುದಕ್ಕೂ ಶಕ್ತಿ ಬೇಕಲ್ಲ.

ನೋವಾಗುತ್ತದೆ ಅಂತ ಹಲ್ಲು ಕಚ್ಚಿ ಮಲಗಿದ್ದೆ. "ಮೊದ್ಲು ಹಲ್ಲು ಬಿಡಿ ಬು, ಹಲ್ಲು ಕಚ್ಚಿದ್ರೆ ಕೆಳಗೂ ಕಚ್ಚುತ್ತೆ," ಅಂದಳು. ನಿಧಾನವಾಗಿ ನೋಡಿದಳು. ಎಡಗಡೆ ಒಂದು ಜಾಗ ಮುಟ್ಟಿದಾಗ ಉಚ್ಚೆ ಬಂದ ಹಾಗೇ ಆಯಿತು, ಅದೇ ಉರಿ, ಅದೇ ಅವಸರ.

"ಈಗ ಬಿಗಿ ಹಿಡೀರಿ."

ಹಿಡಿದೆ.

"ಹಿಡೀರಿ ಬು."

"ಹಿಡಿದಿದೀನಲ್ಲ!"

"ಸರಿ, ಈಗ ಬಿಡಿ."

"ಬಿಟ್ಟೆ."

"ಬಿಟ್ಟಿಲ್ಲ."

"ಬಿಟ್ಟೆ ಅಂದ್ನಲ್ಲ."

ಬಟ್ಟೆ ಸರಿ ಮಾಡಿಕೊಂಡು ಕೂತ ಮೇಲೆ ನನ್ನ ಕೈ ಮುಷ್ಟಿ ಕಟ್ಟಿಸಿದಳು. ಮಾತಾಡುತ್ತಾ ಮಾತಾಡುತ್ತಾ ಒಂದು ಪೆನ್ನನ್ನು ನನ್ನ ಕಡೆ ಎಸೆದಳು. ಪೆನ್ನು ಮುಷ್ಟಿಗೆ ಬಡಿದು ಕೆಳಗೆ ಬಿತ್ತು.

"ಯಾಕೆ ಹಿಡೀಲಿಲ್ಲ?"

"ಕೈ ಮುಚ್ಚಿತ್ತಲ್ಲ."

"ನಿಮ್ಮ ಒಳಗಿಂದೂ ಹಂಗೇ ಮುಷ್ಟಿ ಕಟ್ಕೊಂಡು ಕೂತಿದೆ ಬು. ಮೊದ್ಲೇ ಮುಚ್ಚಿರೋ ಕೈ, ಕೆಮ್ಮು ಬಂದಾಗ ಇನ್ನೇನು ಮುಚ್ಚುತ್ತೆ? ದಿನವಿಡೀ ಹಿಡಿದು ಹಿಡಿದು ಅದಕ್ಕೆ ಸುಸ್ತಾಗಿದೆ. ಇದು ಸಡಿಲ ಆಗಿರೋದಲ್ಲ, ಬಿಡೋದನ್ನೇ ಮರೆತಿರೋದು. ಕೆಲವು ಹೆಂಗಸರಿಗೆ ಬಿಗಿ ಹಿಡಿಯೋದು ಕಲಿಸ್ಬೇಕು, ನಿಮಗೆ ಮೊದ್ಲು ಬಿಡೋದು. ಕೆಲಸದಲ್ಲಿ ಏನಾದ್ರೂ ಮಾಡ್ತಿದೀರಾ?"

ಹಿಡಿಕೆಯ ವಿಷಯ ಹೇಳಿದೆ. ಸಿಗರೇಟಿಗೊಂದು. ಅವಳು ಮೊದಲು ನಕ್ಕಳು, ಆಮೇಲೆ ಬಾಯಿಗೆ ಕೈ ಹಿಡಿದಳು.

"ಯಾರು ಹೇಳಿದ್ರು ನಿಮಗೆ?"

"ಫೋನಲ್ಲಿ."

"ಫೋನು ನಿಮ್ಮನ್ನ ಪರೀಕ್ಷೆ ಮಾಡಿತ್ತಾ?"

ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ. ವರ್ಷಗಟ್ಟಲೆ ನಾನು ಸಡಿಲದವಳು, ಬಿರುಕು ಬಿಟ್ಟ ಮಡಕೆ ಅಂದುಕೊಂಡು ಬದುಕಿದ್ದೆ. ಈಗ ಬಿಗಿ ಹೆಚ್ಚಾಯಿತು ಅಂತೆ. ಒಂದು ಚಿಂತೆ ಹೋಗಿ ಇನ್ನೊಂದು ಬಂತು. ಬಿಟ್ಟರೆ ಎಲ್ಲ ಒಂದೇ ಸಲ ಹೊರಗೆ ಬಂದುಬಿಟ್ಟರೆ?

ಮೇ 16, ಶುಕ್ರವಾರ

ಇವತ್ತು ಹಿಡಿಕೆ ಎಳೆಯುವಾಗ ಬಿಗಿ ಹಿಡಿಯಬಾರದು ಅಂತ ನಿರ್ಧಾರ ಮಾಡಿ ಕೂತೆ. ಕೆಳಗೆ ಬಿಟ್ಟರೆ ಕೈಯೂ ಬಿಡುತ್ತದೆ. ಸಿಗರೇಟುಗಳು ಮೆತ್ತಗೆ, ತುದಿಯಿಂದ ತಂಬಾಕು ಉದುರುತ್ತದೆ. ಯು ತಸ್ರಿಪಾ ಒಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಅದು ಬಗ್ಗಿತು.

"ಏನೇ ಇದು? ನಮ್ಮನೆಯವರ ಮೀಸೆ ಥರ ಇಳಿಬಿದ್ದಿದೆ."

ಹಿಂದಿನ ಬೆಂಚಿನವರೂ ನಕ್ಕರು. ತಪಾಸಣೆಯವಳು ಒಂದು ಹಿಡಿ ತೆಗೆದು ಪಕ್ಕಕ್ಕೆ ಹಾಕಿದಳು. ಎಲ್ಲ ಬಿಚ್ಚಿ ಮತ್ತೆ ಸುತ್ತಬೇಕು. ಬು ವಿವಿಕ್ ದೂರದಿಂದ ನೋಡಿದಳು, ಏನೂ ಅನ್ನಲಿಲ್ಲ. ಅವಳು ಬೈದರೆ ಭಯ, ಸುಮ್ಮನಿದ್ದರೆ ಇನ್ನೂ ಭಯ.

ಕೈ ಬಿಗಿ, ಕೆಳಗೆ ಸಡಿಲ. ಇಷ್ಟು ವರ್ಷ ಒಂದೇ ಎತ್ತಿನ ಗಾಡಿಯ ಹಾಗಿದ್ದದ್ದನ್ನು ಈಗ ಎರಡು ಮಾಡಬೇಕು. ಈ ವಯಸ್ಸಿನಲ್ಲಿ.

ಮೇ 24, ಶನಿವಾರ

ಅತ್ತೆಗೆ ಸಿಕ್ಕಿಬಿದ್ದೆ. ಬಟ್ಟೆ ಒಗೆಯುವಾಗ ಹೊಟ್ಟೆಪಟ್ಟಿ ಒಗೆಯಲು ಬಂದಿಲ್ಲ ಅಂತ ಗಮನಿಸಿದ್ದಾಳೆ. ಬಾಳೆಗಿಡದ ಬುಡಕ್ಕೆ ಕಷಾಯ ಸುರಿದದ್ದೂ ಗೊತ್ತಾಗಿದೆ, ಅಲ್ಲಿ ಇರುವೆ ಸತ್ತಿವೆಯಂತೆ.

"ಜುಮ್ರೊತುನ್!"

ಎಲ್ಲ ಹೇಳಿದೆ. ಮುಷ್ಟಿ, ಜೋಲಿ, ಉಸಿರು.

"ಸಡಿಲ ಬಿಡೋಕೆ ಆಸ್ಪತ್ರೆಲಿ ಪಾಠ ಮಾಡ್ತಾರಾ? ನಮ್ಮ ಕಾಲ್ದಲ್ಲಿ ಅದನ್ನ ಯಾರೂ ಕಲಿಸ್ಬೇಕಾಗಿರ್ಲಿಲ್ಲ, ವಯಸ್ಸಾದ ಮೇಲೆ ತಾನೇ ಬರ್ತಿತ್ತು!"

"ಇರುವೆ ಸಾಯಿಸೋ ಅಂಥದ್ದನ್ನ ನನಗೆ ಕುಡಿಸ್ತಿದ್ಯಲ್ಲ ಅತ್ತೆ?"

"ಇರುವೆ ಹೆಂಗಸಾ? ಇರುವೆಗೂ ಹೆಂಗಸಿಗೂ ಒಂದೇ ಔಷಧಾನಾ?"

ಸಂಜೆಯವರೆಗೂ ಪಾತ್ರೆಗಳ ಜೊತೆ ಮಾತಾಡಿದಳು. ನಾನೂ ಮಾತು ಬೆಳೆಸಲಿಲ್ಲ. ತಲೆಯೊಳಗೆ ಜಗಳವಾಡಲೂ ಜಾಗವಿಲ್ಲ.

ಜೂನ್ 11, ಬುಧವಾರ

ಹಬ್ಬ ಕಳೆಯಿತು. ಮಾಂಸ ಹಂಚಿದರು, ತಿಂದೆವು. ನಡುವೆ ಎರಡು ಸಲ ಬು ಪಲುಪಿ ಹತ್ತಿರ ಹೋಗಿ ಬಂದೆ, ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ.

"ಎಷ್ಟು ನೀರು ಕುಡಿದಿದೀರಾ?" ಅಂದಳು. ಬೆಳಿಗ್ಗೆ ಒಂದು ಲೋಟ ಚಹಾ ಅಂದೆ. ತಲೆ ಚಚ್ಚಿಕೊಂಡಳು. ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಚೀಲಕ್ಕೆ ಉರಿ ಹಿಡಿಸುತ್ತದಂತೆ, ಚೀಲ ಸ್ವಲ್ಪಕ್ಕೇ ಕೂಗುತ್ತದಂತೆ. ಬಂದರೂ ಬರದಿದ್ದರೂ ಹೋಗುವ ಚಾಳಿಯೂ ಕೆಟ್ಟದ್ದಂತೆ. ಅರ್ಧ ತುಂಬಿದಾಗಲೇ ಖಾಲಿ ಮಾಡಿ ಮಾಡಿ ಚೀಲ ಅಷ್ಟೇ ಸಾಕು ಅಂತ ಕಲಿತುಬಿಡುತ್ತದೆ.

"ಅವಸರ ಬಂತು ಅಂತ ಓಡ್ಬೇಡಿ ಬು. ಓಡಿದ್ರೆ ಅದಕ್ಕೂ ಗಾಬರಿ. ಕೂತ್ಕೊಳ್ಳಿ, ಹಲ್ಲು ಬಿಡಿ, ಭುಜ ಬಿಡಿ, ಉಸಿರು ಬಿಡಿ. ಅದು ಸಮುದ್ರದ ಅಲೆ ಥರ, ಏರುತ್ತೆ, ಇಳಿಯುತ್ತೆ. ಇಳಿದ ಮೇಲೆ ಎದ್ದು ನಡ್ಕೊಂಡು ಹೋಗಿ. ರಾಣಿ ಥರ."

ಅಲ್ಲಿಂದ ಕೆಲಸಕ್ಕೆ ಹೋಗಿ ಕಾರ್ಖಾನೆಯಲ್ಲಿ ಪ್ರಯತ್ನ ಮಾಡಿದೆ. ಅಲೆ ಏರಿತು. ಕೂತೆ. ಹಲ್ಲು ಬಿಟ್ಟೆ, ಭುಜ ಬಿಟ್ಟೆ. ಅಲೆ ಇಳಿಯಲಿಲ್ಲ. ರಾಣಿ ಬಾಗಿಲು ತಲುಪುವ ಮೊದಲೇ ಒದ್ದೆಯಾದಳು. ಮಡಿಲ ಬಟ್ಟೆ ಹಿಂದಕ್ಕೆ ಕಟ್ಟಿಕೊಂಡು ಮನೆಗೆ ಬಂದೆ. ಇಷ್ಟು ದಿನದ ಓಡಾಟ ಇದಕ್ಕೇನಾ? ನಾಳೆಯಿಂದ ಯಾವುದೂ ಬೇಡ.

ಜೂನ್ 23, ಸೋಮವಾರ

ಬೇಡ ಅಂದದ್ದು ಎರಡು ದಿನ. ಮೂರನೇ ದಿನ ಅಭ್ಯಾಸಬಲದಿಂದ ಹಣೆ ನೆಲಕ್ಕೆ ಹೋಯಿತು, ಉಸಿರು ಹೊಟ್ಟೆಗೆ ಹೋಯಿತು.

ಈ ವಾರ ಹಬ್ಬದ ತಿಂಗಳು ಮುಗಿಯುತ್ತದೆ. ಇವತ್ತು ಯು ತಸ್ರಿಪಾ ಬು ವಿವಿಕ್ ಮೇಜಿನ ಹತ್ತಿರ ಬಾಗಿ ಮಾತಾಡುತ್ತಿದ್ದಳು. ಬಹಳ ಹೊತ್ತು. ಒಮ್ಮೆ ನನ್ನ ಕಡೆ ನೋಡಿದರು, ಇಬ್ಬರೂ. ಬಂದು ಕೂತವಳನ್ನು ಏನು ಅಂತ ಕೇಳಿದೆ. "ಏನಿಲ್ಲ, ಸುತ್ತು," ಅಂದಳು. ಏನಿಲ್ಲ ಅಂತ ಅಷ್ಟು ಹೊತ್ತು ಯಾರು ಮಾತಾಡುತ್ತಾರೆ?

ಬೇರೆ ಜೋಡಿ ಕೇಳಿದ್ದಾಳೆ. ಕೇಳಿರಲಾರಳು. ಕೇಳಿದ್ದರೂ ತಪ್ಪೇನು? ಇಲ್ಲ, ಕೇಳಿರಲಾರಳು.

ಜೂನ್ 26, ಗುರುವಾರ

ಕೇಳಿರಲಿಲ್ಲ. ಒಪ್ಪಿಕೊಂಡಿದ್ದಳು.

ಇವತ್ತು ಬಿಡುವಾದ ಮೇಲೆ ಸೈಕಲ್ ತಳ್ಳಿಕೊಂಡು ಬರುತ್ತಾ ನಾನೇ ಬಾಯಿಬಿಟ್ಟೆ. "ನನ್ನ ಬಿಟ್ಟು ಹೋಗ್ತಿದೀಯಾ ಯು?"

ಅವಳು ಸುಳ್ಳು ಹೇಳಲಿಲ್ಲ. "ಒಪ್ಕೊಂಡಿದ್ದೆ ಕಣೇ. ರಂಜಾನ್ ಹಬ್ಬ ಆದ ಕೂಡಲೇ ಮೇಸ್ತ್ರಿ ಕೇಳಿದ್ಳು, ಆಗ್ಲಿ ಅಂದಿದ್ದೆ. ಮಗಳ ಮದುವೆ ತಲೆ ಮೇಲಿದೆ. ನೀನು ಎದ್ದು ಎದ್ದು ಹೋಗ್ತಿದ್ರೆ ನಾನು ಕತ್ತರಿ ಹಿಡ್ಕೊಂಡು ನೊಣ ಹೊಡೀಬೇಕಿತ್ತು. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಆಸ್ಪತ್ರೆ ಬಾಗಿಲಲ್ಲಿ ಸೈಕಲ್ ಹಿಡಿದು ನಿಂತಿದ್ದಾಗಲೂ ಒಪ್ಪಿಕೊಂಡೇ ನಿಂತಿದ್ದಳು.

"ಮತ್ತೆ ಮೊನ್ನೆ ಏನು ಮಾತಾಡ್ತಿದ್ದೆ?"

"ಶುಕ್ರವಾರದಿಂದ ಸುರೋ ತಿಂಗಳು ಅಂದೆ. ಸುರೋದಲ್ಲಿ ಮದುವೆ ಮಾಡಲ್ಲ, ಮನೆ ಬದಲಾಯಿಸಲ್ಲ, ಹೊಸ ಜೋಡಿ ಕಟ್ತೀರಾ ಬು, ಬೆಂಕಿಗಿಂಕಿ ಬಿದ್ರೆ ತಂಬಾಕಿನ ಗೋದಾಮು ಪಕ್ಕದಲ್ಲೇ ಇದೆ ಅಂದೆ. ಸುರಬಾಯದಂಥ ದೊಡ್ಡ ಪಟ್ಟಣದಲ್ಲಿ ಹುಟ್ಟಿದೋಳು, ಇದನ್ನೆಲ್ಲ ನಂಬಲ್ಲ ಅಂತ ಜಂಬ ಹೊಡೀತಾಳೆ, ಆದ್ರೂ ಹೆದರಿದ್ಳು. ಸುರೋ ಕಳೀಲಿ ಅಂದಿದಾಳೆ."

"ಅಂದ್ರೆ ಸುರೋ ಕಳೆದ ಮೇಲೆ?"

"ಕಳೆದ ಮೇಲೆ ನನಗೂ ಗೊತ್ತಿಲ್ಲ ಜುಮ್. ನನ್ನ ಕೈಲಾಗೋದು ಒಂದು ತಿಂಗಳು. ಅಷ್ಟೇ."

ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ದಾರಿಯಲ್ಲಿ ಒಂದು ಎಳನೀರು ಕೊಂಡು ಇಬ್ಬರೂ ಹಂಚಿಕೊಂಡೆವು. ಅವಳೇ ಹೆಚ್ಚು ಕುಡಿದಳು. ಒಪ್ಪಿಕೊಂಡವಳು, ಇರಲಿ. ಕಣ್ಣು ಎಳೆಯುತ್ತಿದೆ.

ಜುಲೈ 9, ಬುಧವಾರ

ಬು ಪಲುಪಿ ಇವತ್ತು ಮತ್ತೆ ನೋಡಿದಳು. "ಬಿಡಿ," ಅಂದಳು. ನಾನು ಏನೂ ಮಾಡಲಿಲ್ಲ. "ಹಾಂ," ಅಂದಳು. ಅಷ್ಟೇ. ಏನು ಹಾಂ ಅಂತ ಕೇಳಬೇಕಿತ್ತು, ಎದ್ದು ಬಂದ ಮೇಲೆ ನೆನಪಾಯಿತು.

ಈಗ ಸ್ವಲ್ಪ ಸ್ವಲ್ಪ ಹಿಡಿಯುವುದನ್ನೂ ಕಲಿಸುತ್ತಿದ್ದಾಳೆ. ಕೆಮ್ಮುವ ಮೊದಲು ಹಿಡಿ, ಕೆಮ್ಮಿದ ಮೇಲೆ ಪೂರ್ತಿ ಬಿಡು. ಬಿಡುವುದು ಮುಗಿಯದೆ ಇನ್ನೊಮ್ಮೆ ಹಿಡಿಯಬಾರದು. ಕಕ್ಕಸಿನಲ್ಲಿ ಅರ್ಧ ಎದ್ದು ನಿಂತು ಮುಗಿಸಬಾರದು, ಪೂರ್ತಿ ಕುಕ್ಕರುಗಾಲಲ್ಲಿ ಕೂತು, ತಿಣುಕದೆ. ಹೊರಗೆ ಬರುವಾಗ ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಎಮ್ಮೆ ಮಾಂಸದ ಸೋತೊ ತಿಂದೆ. ಸಾರು ಚೆನ್ನಾಗಿತ್ತು, ಬೆಳ್ಳುಳ್ಳಿ ಹುರಿದದ್ದು ಮೇಲೆ ಉದುರಿಸಿದ್ದರು. ಇನ್ನೊಂದು ಬಟ್ಟಲು ಸಾರು ಕೇಳಿ ಕುಡಿದೆ. ಪಕ್ಕದಲ್ಲಿ ಕೂತವಳು ಬಾತುಕೋಳಿ ಸಾಕುತ್ತಾಳಂತೆ, ಒಂದು ಬಾತುಕೋಳಿ ಅವಳ ಗಂಡನನ್ನು ಕಂಡರೆ ಮಾತ್ರ ಅಟ್ಟಿಸಿಕೊಂಡು ಹೋಗುತ್ತದಂತೆ. ನಕ್ಕು ನಕ್ಕು ಹೊಟ್ಟೆ ನೋವು ಬಂತು. ಹೊಟ್ಟೆ ನೋವು ಯಾಕೆ ಬಂತೋ, ಸಾರು ಹೆಚ್ಚಾಯಿತೇನೋ.

ಜುಲೈ 20, ಭಾನುವಾರ

ಮಸ್ಕುರಿ ಬಂದಿದ್ದ, ಈಗ ಬಸ್ಸು ಹತ್ತಿದ. ನೆನ್ನೆ ನನಗೆ ನಿದ್ದೆ ಬಂದಿರಲಿಲ್ಲ. ನಿಧಾನ ಅಂದೆ, ನಿಧಾನ ಅಂದರೆ ನಿಧಾನ ಅಂದ. ಸ್ವಲ್ಪ ನೋವಿತ್ತು, ಆಮೇಲೆ ಅಷ್ಟಿರಲಿಲ್ಲ. ಇದನ್ನು ಬು ಪಲುಪಿಗೆ ಹೇಳಬೇಕಾ? ಕೇಳಿದರೆ ಹೇಳುತ್ತೇನೆ.

ಅತ್ತೆ ಬೆಳಿಗ್ಗೆ ಕಷಾಯದ ಬಟ್ಟಲು ಇಟ್ಟಳು. ಮೂಗಿನ ಹತ್ತಿರ ಹಿಡಿದೆ. ಅರಿಶಿನ, ಹುಣಸೆಹುಳಿ, ಬೆಲ್ಲ.

"ಮಾಚಿಕಾಯಿ ಹಾಕಿಲ್ಲ," ಅಂದಳು, ಒಲೆಯ ಕಡೆ ತಿರುಗಿಕೊಂಡೇ. "ಬರೀ ಬಾಯಾರಿಕೆಗೆ. ಅಷ್ಟಾದ್ರೂ ಕುಡಿ ನ್ದುಕ್."

ಕುಡಿದೆ.

ನಾಳೆಯಲ್ಲ, ಮುಂದಿನ ಸೋಮವಾರದ ಹೊತ್ತಿಗೆ ಸುರೋ ಮುಗಿದಿರುತ್ತದೆ. ಯೋಚನೆ ಮಾಡಿದರೆ ಹಲ್ಲು ಕಚ್ಚುತ್ತದೆ, ಬಿಡುತ್ತೇನೆ, ಮತ್ತೆ ಕಚ್ಚುತ್ತದೆ. ತಿಂಗಳು ಪೂರ್ತಿ ನನ್ನ ಕೆಲಸ ಹೇಗೆ ಹೋಯಿತು ಅಂತ ಯು ತಸ್ರಿಪಾಳನ್ನು ಕೇಳಲಿಲ್ಲ. ಕೇಳಿದರೆ ನಿಜ ಹೇಳುತ್ತಾಳೆ.

ಜುಲೈ 28, ಸೋಮವಾರ

ಬಟ್ಟೆ ಬದಲಿಸದೆ ಕೂತು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ತಲೆಯಲ್ಲಿ ಎಲ್ಲ ಕಲೆಸಿಹೋಗುತ್ತದೆ.

ಬೆಳಿಗ್ಗೆ ಕೆಲಸ ಶುರುವಾಗಿ ಬಹಳ ಹೊತ್ತಾದ ಮೇಲೆ ಬು ವಿವಿಕ್ ಸಾಲು ಸಾಲಾಗಿ ಬಂದು, ನೀನು ಅಲ್ಲಿಗೆ, ನೀನು ಇಲ್ಲಿಗೆ ಅಂತ ಹೆಂಗಸರನ್ನು ಎಬ್ಬಿಸುತ್ತಿದ್ದಳು. ನಾನು ತಲೆ ಎತ್ತಲಿಲ್ಲ. ಎತ್ತಿದರೆ ಕಣ್ಣಿಗೆ ಬೀಳುತ್ತೇನೆ ಅಂತ ಸುತ್ತುತ್ತಲೇ ಇದ್ದೆ. ಭುಜ ಬಿಟ್ಟೆ, ಉಸಿರು ಬಿಟ್ಟೆ, ಸುತ್ತಿದೆ. ಅವಳ ಚಪ್ಪಲಿ ನಮ್ಮ ಹಿಂದೆ ಬಂದು ನಿಂತಿತು.

"ತಸ್ರಿಪಾ! ಏನಿದು?"

ಮುಗಿಯಿತು ಅಂದುಕೊಂಡೆ.

"ಏನಿದು ಇಷ್ಟು ರಾಶಿ? ಕತ್ತರಿ ಮೊಂಡಾಯ್ತಾ?"

ಆಗ ಕಣ್ಣು ಪಕ್ಕಕ್ಕೆ ಹೋಯಿತು. ಯು ತಸ್ರಿಪಾಳ ಮುಂದೆ ತುದಿ ಕತ್ತರಿಸದ ಸಿಗರೇಟು ಗುಡ್ಡೆ ಬಿದ್ದಿತ್ತು. ಅವಳ ಹಣೆಯಲ್ಲಿ ಬೆವರು.

"ಕತ್ತರಿ ಸರಿಯಾಗೇ ಇದೆ ಬು. ಈ ಮಾರಾಯ್ತಿ ಏಳೋದೇ ಇಲ್ಲ! ಮುಂಚೆ ಇವಳು ಎದ್ದಾಗ ನಾನು ಬೆನ್ನು ನೆಟ್ಟಗೆ ಮಾಡ್ಕೊತಿದ್ದೆ, ಈಗ ನಾನು ಒಂದಕ್ಕೆ ಹೋಗಿ ಬರೋಷ್ಟರಲ್ಲಿ ಗುಡ್ಡೆ ಹಾಕಿರ್ತಾಳೆ."

ಸಾಲೆಲ್ಲ ನಕ್ಕಿತು. ಬು ವಿವಿಕ್ ಮಾತ್ರ ನಗಲಿಲ್ಲ. "ಹಾಗಾದ್ರೆ ನಿನ್ನನ್ನ ಆ ಕಡೆ ಹಾಕ್ಲಾ? ಅಲ್ಲಿ ನಿಧಾನಕ್ಕೆ ಸುತ್ತೋಳಿದಾಳೆ."

ನನ್ನ ಕೈ ಹಿಡಿಕೆಯ ಮೇಲೇ ನಿಂತಿತು.

"ಯಾಕೆ, ನೊಣ ಹೊಡೆಯೋಕಾ?" ಅಂದಳು ಯು ತಸ್ರಿಪಾ, ಕತ್ತರಿ ನಿಲ್ಲಿಸದೆ. "ಮಗಳ ಮದುವೆ ಇದೆ ಬು ನಂಗೆ. ನಾನು ಎಲ್ಲಿಗೂ ಹೋಗಲ್ಲ. ಹೋದ್ರೆ ಈ ಗುಡ್ಡೇನೂ ಇವಳನ್ನೂ ಎರಡನ್ನೂ ಹೊತ್ಕೊಂಡು ಹೋಗ್ತೀನಿ."

ಚಪ್ಪಲಿ ಮುಂದಿನ ಬೆಂಚಿಗೆ ಹೋಯಿತು.

ಮಧ್ಯಾಹ್ನ ಊಟಕ್ಕೆ ಎದ್ದಾಗ ಕಾಲು ಜೋಮು ಹಿಡಿದಿತ್ತು. ನೀರಿನ ಬಾಟಲಿ ನೋಡಿದೆ, ಖಾಲಿ. ನಾನೇ ಕುಡಿದಿದ್ದೆನಾ, ಚೆಲ್ಲಿತ್ತಾ? ಕುಡಿದಿದ್ದರೆ ಹೋಗಲೇಬೇಕಿತ್ತಲ್ಲ. ಹೋಗಿದ್ದು ನೆನಪಿಲ್ಲ. ನೆನಪಿಲ್ಲ ಅಂದ ಮಾತ್ರಕ್ಕೆ ಹೋಗಿಲ್ಲ ಅಂತ ಹೇಗೆ ಹೇಳುವುದು? ಸೈಕಲ್ ಹತ್ತಿರ ಯು ತಸ್ರಿಪಾಳನ್ನು ಕೇಳಿದೆ. "ಇಲ್ಲ ಕಣೇ, ಎದ್ದಿಲ್ಲ," ಅಂದಳು. ಮನೆಗೆ ಬರುತ್ತಾ ಮತ್ತೆ ಅನುಮಾನ. ಅವಳು ಗುಡ್ಡೆಯಲ್ಲಿ ಮುಳುಗಿದ್ದಳು, ಅವಳಿಗೇನು ಕಂಡಿರುತ್ತದೆ? ಬುಧವಾರ ಬು ಪಲುಪಿ ಕೇಳಿದರೆ ಸುಳ್ಳು ಹೇಳಿದ ಹಾಗಾಗಬಾರದು. ಈಗಷ್ಟೇ ಫೋನಿನಲ್ಲಿ ಮಾತು ಹಿಡಿದು ಯು ತಸ್ರಿಪಾಳಿಗೆ ಕಳಿಸಿದೆ:

"ಯು, ಬೈಬೇಡ. ಊಟದ ಗಂಟೆಗೆ ಮುಂಚೆ ನಾನು ಒಂದ್ಸಲಾನೂ ಎದ್ದಿರ್ಲಿಲ್ವಾ? ನೀನು ಆಚೆ ಹೋಗಿದ್ದಾಗ ಹೋಗಿ ಬಂದಿದ್ನೋ ಏನೋ, ಹಿಂದಿನ ಬೆಂಚಿನೋರನ್ನೂ ಕೇಳಿ, ಇನ್ನೊಂದ್ಸಲ ಸರಿಯಾಗಿ ನೋಡಿ ಹೇಳು."